ಮಾರನೆಯ ದಿನದ ಮೋಡ

ಮೀನಿನ ಹುರುಪೆ ಅವನ ಮಣಿಕಟ್ಟಿಗೆ, ಕನ್ನಡಕಕ್ಕೆ, ಕೊನೆಗೆ ತುಟಿಗೂ ಹಾರಿ ಅಂಟಿಕೊಂಡಿತ್ತು. ಮೀನು ಮಾತ್ರ ಇನ್ನೂ ಅರ್ಧ ಅಂಗಿ ತೊಟ್ಟುಕೊಂಡೇ ಚಾಕುವಿನಡಿ ಜಾರುತ್ತಿತ್ತು. ಬಾಲದಿಂದ ತಲೆಯ ಕಡೆಗೆ ಹೆರೆಯಬೇಕೆಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಇಡೀ ಆಯುಷ್ಯವನ್ನು ಮೀನುಗಾರಿಕೆ ಇಲಾಖೆಯಲ್ಲಿ ಸವೆಸಿದವನಿಗೆ ಅಷ್ಟೂ ಗೊತ್ತಿಲ್ಲದೆ ಇರುತ್ತದೆಯೆ? ಗೊತ್ತಿರುವುದು ಬೇರೆ, ಕೈಗೆ ಬರುವುದು ಬೇರೆ. ಹಿತ್ತಲ ನಲ್ಲಿಯ ಕೆಳಗೆ ಮಣೆ ಹಾಕಿಕೊಂಡು ಕೂತವನು ಇಷ್ಟರಲ್ಲೇ ಮೂರು ಸಲ ಮಣೆ ಸರಿಸಿದ್ದ. ಬೇಲಿಯ ಮೇಲಿಂದ ಎದ್ದ ಬಿಸಿಲು ನೇರ ಕಣ್ಣಿಗೆ ಬೀಳುತ್ತಿತ್ತು. ಮೂರನೆಯ ಸಲ ಸರಿಸುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಮೀನು ಹೆರೆಯೋಕೂ ಬಿಸಿಲು ನೋಡ್ಕೊಂಡೇ ಕೂರ್ಬೇಕು ನಿಮಗೆ," ಅಂದಳು. ಹೇಳಿ ಒಳಗೆ ಹೋದಳು. ಮುಳ್ಳು ಚುಚ್ಚಿದ್ದು ಆಮೇಲೆ ತಿಳಿಯುವ ಹಾಗೆ ಆ ಮಾತು ಅವನಿಗೆ ತಡವಾಗಿ ತಾಗಿತು.

ಹಿಂದಿನ ಸರ್ಕಾರದವರ ಕಾಲದಲ್ಲಿ ಮೀನು ತಾನಾಗಿ ನಡೆದುಕೊಂಡು ಈ ಮನೆಗೆ ಬರುತ್ತಿತ್ತು, ಅದೂ ಹುರುಪೆ ಕಳಚಿಟ್ಟು, ಹೊಟ್ಟೆ ತೊಳೆದುಕೊಂಡು. ಕಳಿಸಿದವರು ಯಾರೆಂದು ಕೇಳುವ ಪದ್ಧತಿ ಇರಲಿಲ್ಲ. ಹಿಂದಿನವರು ಒಂದು ಬೆಳಗಿನ ಜಾವ ಹೇಳದೆ ಕೇಳದೆ ಓಡಿಹೋಗಿ ಈಗಿನವರು ಬಂದ ಮೇಲೆ ಮೀನಿಗೆ ದಾರಿ ಮರೆತುಹೋಯಿತು. ಅವನು ಎಲ್ಲರಂತೆ ಚೀಲ ಹಿಡಿದು ಸಾಲಿನಲ್ಲಿ ನಿಲ್ಲಬೇಕಾಯಿತು. ಈ ಬೆಳಿಗ್ಗೆಯೂ ಅಷ್ಟೇ. ಅವನ ಸರದಿ ಬಂದಾಗ ಮೀನು ಮಾರುವವಳು ತಲೆಯೆತ್ತದೆ ಅವನ ಹಿಂದಿದ್ದವನಿಗೆ ಮೊದಲು ತೂಗಿಕೊಟ್ಟಳು. ಹೆರೆದು ಕೊಡ್ತೀಯೇನಮ್ಮಾ ಎಂದು ಕೇಳಿದ್ದಕ್ಕೆ ಕೈ ನೋವು ಅಂದಳು. ನೋವು ಎಂದ ಕೈಯಲ್ಲೇ ಮುಂದಿನವಳ ಮೀನನ್ನು ಪರಪರ ಹೆರೆದಳು. ಇದರಲ್ಲಿ ಯಾರಿಗೆ ದೂರು ಕೊಡುವುದು, ಏನೆಂದು ಬರೆಯುವುದು? ಅವಳು ಏನೂ ಮಾಡಿರಲಿಲ್ಲ. ಏನೂ ಮಾಡದೆ ಮಾಡುವ ಈ ವಿದ್ಯೆ ಅವನಿಗೂ ಗೊತ್ತಿತ್ತು, ಅವಳಿಗಿಂತ ಚೆನ್ನಾಗಿಯೇ ಗೊತ್ತಿತ್ತು. ಅವಳ ಗಂಡನೂ ಅದನ್ನು ಹತ್ತಿರದಿಂದ ಕಂಡವನೇ.

ಮೀನುದೋಣಿಗಳು ತಂಗುವ ದಕ್ಕೆಯ ದಡ ಕುಡುಗೋಲಿನ ಹಾಗೆ ಬಾಗಿತ್ತು. ಬಾಗಿನ ಉದ್ದಕ್ಕೂ ದೋಣಿಗಳು. ನಡುವೆ ತೂಕದ ಮನೆ. ತೂಕದ ಮನೆಯ ಮುಂದೆ ಒಂದು ಮರದ ಕುರ್ಚಿ. ಹಿಂದಿನವರ ಕಾಲದಲ್ಲಿ, ಬೆಳಿಗ್ಗೆ ದೋಣಿಗಳು ನೀರಿಗಿಳಿಯುವ ಹೊತ್ತಿಗೆ ದಕ್ಕೆಯ ಮೇಲ್ವಿಚಾರಕ, ಅಂದರೆ ಅವನು, ಬಂದು ಆ ಕುರ್ಚಿಯಲ್ಲಿ ಕೂರಬೇಕು. ಯಾವ ದೋಣಿ ಹೋಗಕೂಡದೆಂದು ಮೇಲಿನಿಂದ ಮಾತು ಬಂದಿದೆಯೋ ಆ ದೋಣಿಗೆ ಬೆನ್ನಾಗುವಂತೆ ಕುರ್ಚಿ ತಿರುಗಿಸಿಕೊಂಡು ಕೂರಬೇಕು. ಇಷ್ಟೇ ಕೆಲಸ. ಒಂದು ದಿನ ಬೆನ್ನಾದರೆ ಅನುಮಾನ, ಮಾರನೆಯ ದಿನವೂ ಬೆನ್ನಾದರೆ ತೀರ್ಮಾನ. ತೀರ್ಮಾನವಾದ ದೋಣಿಗೆ ಮಂಜುಗಡ್ಡೆ ಸಿಗದು, ಅದರ ಮೀನು ತಕ್ಕಡಿ ಹತ್ತದು, ಯಾರೂ ಕೊಳ್ಳರು. ಒಬ್ಬ ಮಾತ್ರ ಬೆನ್ನು ಗಿನ್ನು ಎಂದು ನಕ್ಕು ಕಡಲಿಗೆ ಹೋಗಿದ್ದ. ಅವನ ಮೀನು ಸಂಜೆಯವರೆಗೂ ದಕ್ಕೆಯ ಕಲ್ಲಿನ ಮೇಲೆ ಬಿದ್ದಿದ್ದು ನಾರಿತು. ಆ ವಾರದಲ್ಲೇ ಅವನನ್ನು ಏನೋ ಕೇಳುವುದಿದೆ ಎಂದು ಮನೆಯಿಂದ ಕರೆದುಕೊಂಡು ಹೋದರು. ಈಗ ಅವನನ್ನು ಕುಂಟಣ್ಣ ಅನ್ನುತ್ತಾರೆ. ಆಗ ಅವನು ಕುಂಟನಾಗಿರಲಿಲ್ಲ. ಮೇಲ್ವಿಚಾರಕನ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನು, ಒಂದು ಚೀಟಿ ಬರೆದುಕೊಟ್ಟರೆ ಸಾಲದೇ ಎಂದು ಮೇಲಧಿಕಾರಿಯನ್ನು ಕೇಳಿದ್ದುಂಟು. ಮೇಲಧಿಕಾರಿ ಮಗುವಿಗೆ ಹೇಳುವಂತೆ ಹೇಳಿದ್ದರು: "ಬರೆದರೆ ಆಜ್ಞೆ ಆಗುತ್ತೆ ಕಣಯ್ಯಾ. ಬರೀದೆ ಇದ್ರೆ ಹವಾಮಾನ. ಹವಾಮಾನದ ಮೇಲೆ ಯಾರಾದ್ರೂ ದೂರು ಕೊಡ್ತಾರಾ?"

ತಾನು ಕುರ್ಚಿ ತಿರುಗಿಸಿದ್ದೆಲ್ಲ ಮೇಲಿನವರ ಮಾತಿಗೆ ಎಂದು ಅವನು ಮನಸ್ಸಿನಲ್ಲಿ ಒಂದು ಗೋಡೆ ಕಟ್ಟಿಕೊಂಡಿದ್ದ. ಆ ಗೋಡೆಯಲ್ಲಿ ಒಂದು ಕಲ್ಲು ಮಾತ್ರ ನಿಲ್ಲುತ್ತಿರಲಿಲ್ಲ. ಅದು ಭಾವನ ದೋಣಿ. ಅಕ್ಕನ ಗಂಡನ ದೋಣಿಯ ಬಗ್ಗೆ ಮೇಲಿನಿಂದ ಯಾವ ಮಾತೂ ಬಂದಿರಲಿಲ್ಲ. ಭಾವ ಎಂಥವನು? ಸಂತೆಯಲ್ಲಿ ತನ್ನ ಕಾಲನ್ನೇ ಯಾರಾದರೂ ತುಳಿದರೆ ತಾನೇ ಕ್ಷಮೆ ಕೇಳುವವನು. ಅವನನ್ನು ತಡೆಯಬೇಕೆಂದು ಸರ್ಕಾರಕ್ಕೆ ತೋಚುವುದು ಹಾಗಿರಲಿ, ಅವನಿದ್ದಾನೆಂದೇ ಸರ್ಕಾರಕ್ಕೆ ಗೊತ್ತಿರಲಿಲ್ಲ. ಆದದ್ದಿಷ್ಟು: ದಕ್ಕೆಯ ಮೂಡಲಿಗಿದ್ದ ಹಳೆಯ ಮಂಜುಗಡ್ಡೆ ಮನೆಯ ಗೋಡೆಯನ್ನು ಆ ವಾರ ಕೆಡವಿದರು. ಅಷ್ಟು ವರ್ಷ ಗೋಡೆಯ ಹಿಂದಿದ್ದ ಬಿಸಿಲು ಆ ಬೆಳಿಗ್ಗೆ ಮೊದಲ ಸಲ ಕುರ್ಚಿಯ ಮೇಲೆ ಬಂತು. ಕಣ್ಣು ಬಿಡಲಾಗದಂಥ ಬಿಸಿಲು. ಅವನು ಕುರ್ಚಿಯನ್ನು ಒಂದಿಷ್ಟು ತಿರುಗಿಸಿಕೊಂಡ. ಕಣ್ಣಿಗೆ ತಂಪಾಯಿತು, ಹಾಯೆನಿಸಿತು. ಸ್ವಲ್ಪ ಹೊತ್ತಿನ ಮೇಲೆ ದಡದಲ್ಲಿ ಮಾತು ನಿಂತದ್ದು ಕಿವಿಗೆ ಬಿದ್ದು ಹಿಂತಿರುಗಿ ನೋಡಿದರೆ ಬಾಗಿನ ತುದಿಯಲ್ಲಿ ಭಾವ ಬಲೆಯನ್ನು ಮಡಚುತ್ತಿದ್ದ, ಒಗೆದ ಪಂಚೆ ಮಡಚುವಷ್ಟು ಸಮಾಧಾನವಾಗಿ. ಭಾವನಿಗೆ ಹೊಟ್ಟೆ ನೋವಿರಬೇಕು ಎಂದುಕೊಂಡ. ನಿಜವಾಗಿಯೂ ಹಾಗೆಯೇ ಅಂದುಕೊಂಡ. ಇದನ್ನು ಅವನು ಹೆಂಡತಿಗೆ ಎಷ್ಟು ಸಲ ಹೇಳಿದ್ದನೆಂದರೆ ಅವಳಿಗೆ ಆ ಬಿಸಿಲು ತನ್ನ ತವರಿನ ಅಂಗಳದ ಬಿಸಿಲಿಗಿಂತ ಚೆನ್ನಾಗಿ ಗೊತ್ತಾಗಿಬಿಟ್ಟಿತ್ತು.

ಆ ಸಂಜೆಯೇ ಮೇಲಧಿಕಾರಿಯ ಫೋನು ಬಂತು. ಸ್ವಂತ ಭಾವನನ್ನೂ ಬಿಡಲಿಲ್ಲವಂತೆ, ಭೇಷ್, ಇಂಥವರು ಬೇಕು ನಮಗೆ. ಅವನು ಬಾಯಿ ತೆರೆದ. ಬಿಸಿಲು ಸಾರ್, ಎನ್ನಬೇಕು. ಆದರೆ ಇದೊಂದು ಬಿಸಿಲು ಅಂದರೆ ಉಳಿದವು ಬಿಸಿಲಲ್ಲ ಎಂದು ಹೇಳಿದಂತಾಗುತ್ತದಲ್ಲ. ಮೇಲಿನವರ ಬಾಯಿಂದ ಬಂದ ಭೇಷನ್ನು ಹಿಂದಕ್ಕೆ ಕೊಟ್ಟವರುಂಟೆ? ತೆರೆದ ಬಾಯಲ್ಲಿ ಥ್ಯಾಂಕ್ಸ್ ಸಾರ್ ಎಂಬುದೇ ಹೊರಟಿತು. ಮಾರನೆಯ ಬೆಳಿಗ್ಗೆ ಕುರ್ಚಿ ಹಿಂದಿನ ದಿನ ಬಿಟ್ಟಂತೆಯೇ ಇತ್ತು. ಅವನು ಹೋಗಿ ಕೂತ. ಕೂತದ್ದಷ್ಟೇ, ತಿರುಗಿಸಲಿಲ್ಲ. ಆ ದಿನವೂ ಬಿಸಿಲಿತ್ತು ಎಂದು ಅವನ ನೆನಪು ಹೇಳುತ್ತಿತ್ತು. ಭಾವ ಉರುಳುಗಂಬಗಳ ಮೇಲೆ ದೋಣಿಯನ್ನು ಹಿಂದಕ್ಕೆ ಎಳೆದು, ಮನೆಯ ಹಿಂದೆ ಕವುಚಿ ಹಾಕಿದ. ಅದು ಆರು ವರ್ಷ ಹಾಗೆಯೇ ಕವುಚಿ ಬಿದ್ದಿತ್ತು. ಅವನಿಗೆ ಬಡ್ತಿ ಸಿಕ್ಕಿತು. ದಕ್ಕೆಯಿಂದ ಕಚೇರಿಗೆ, ಮರದ ಕುರ್ಚಿಯಿಂದ ತಿರುಗುವ ಕುರ್ಚಿಗೆ. ಮೊದಲ ದಿನ ಅದರಲ್ಲಿ ಕೂತಾಗ ಅದು ತಾನಾಗಿಯೇ ಒಂದಿಷ್ಟು ತಿರುಗಿತು, ಎದುರಿಗಿದ್ದ ಗುಮಾಸ್ತನ ಮುಖ ಬಿಳಿಚಿಕೊಂಡಿತು. ಸಂಜೆ ಬಡಗಿಯನ್ನು ಕರೆಸಿ, ತಿರುಗದಂತೆ ಅದಕ್ಕೊಂದು ಮೊಳೆ ಹೊಡೆಸಿದ.

ಈಗ ಆ ಮೊಳೆ ಹೊಡೆದ ಕುರ್ಚಿಯಲ್ಲೇ ಅವನು ನ್ಯಾಯಪಾಲು ಸಮಿತಿಯ ಕಾರ್ಯದರ್ಶಿ. ಇದರಲ್ಲಿ ಯಾರ ಮೋಸವೂ ಇರಲಿಲ್ಲ. ಈಗಿನವರಿಗೆ ಮೀನಿನ ನೀತಿಯನ್ನು ಮೊದಲಿನಿಂದ ಬರೆಯಬೇಕಿತ್ತು, ಕಡಲನ್ನು ಎಲ್ಲರಿಗೂ ನ್ಯಾಯವಾಗಿ ಹಂಚಬೇಕಿತ್ತು, ಬರೆಯಬಲ್ಲವರು ಬೇಕಿತ್ತು. ಬರೆಯಬಲ್ಲವರೆಲ್ಲ ಹಿಂದಿನವರ ಕಾಲದಲ್ಲಿ ಬರೆಯದೆ ಕೂತಿದ್ದವರೇ. ಅಧ್ಯಕ್ಷೆ ಹಿಂದಿನವರ ಜೈಲಿನಲ್ಲಿದ್ದು ಬಂದ ಹೆಂಗಸು, ದೂರದ ಊರಿನವರು, ಯಾವಾಗಲೂ ಬಿಸಿನೀರನ್ನೇ ಕುಡಿಯುವವರು. ದಕ್ಕೆಯಲ್ಲಿ ಯಾರು ಕೂರುತ್ತಿದ್ದರೆಂದು ಅವರಿಗೆ ಗೊತ್ತಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು, ಆದರೆ ಊರು ಹೇಳಲಿಲ್ಲ. ಇಂಥವನು ಇಂಥದ್ದು ಮಾಡಿದ ಎಂದು ಕಚೇರಿಗೆ ಬಂದು ಬೆರಳು ತೋರಿಸುವುದು ಹಿಂದಿನವರ ಕಾಲದ ಚಾಳಿ. ಇನ್ನು ಸತ್ತರೂ ಅದು ಬೇಡ ಎಂದು ಜನ ಒಳಗೊಳಗೇ ಆಣೆ ಹಾಕಿಕೊಂಡಿದ್ದರು. ಹೀಗಾಗಿ ಜನರ ಒಳ್ಳೆಯತನವೇ ಅವನನ್ನು ಕಾಪಾಡುತ್ತಿತ್ತು. ಕಲ್ಲು ಹೊಡೆದಿದ್ದರೆ ಮೈ ನೋಯುತ್ತಿತ್ತು. ಇದು ಎಲ್ಲಿ ನೋಯುತ್ತದೆಂದು ತೋರಿಸಲೂ ಬಾರದು.

ನೀತಿಯ ಕರಡನ್ನು ಬರೆದವನು ಅವನೇ. ಕಡಲಲ್ಲಿ ಮೀನು ಇಷ್ಟೇ ಇದೆ, ಆದ್ದರಿಂದ ಪಾಲು ಮಾಡಬೇಕು. ಕಳೆದ ವರ್ಷಗಳಲ್ಲಿ ಯಾರು ಎಷ್ಟು ಹಿಡಿದರೆಂಬ ದಾಖಲೆಯಂತೆ ಪಾಲು. ಓದಿದರೆ ನ್ಯಾಯವಾಗಿಯೇ ಕೇಳಿಸುತ್ತಿತ್ತು. ಹಿಡಿದವರು ಯಾರು? ಹಿಂದಿನವರಿಗೆ ಬೇಕಾದವರು. ಹಿಡಿದವನಿಗೆ ಹಿಡಿಯುವ ಹಕ್ಕು, ದಡದಲ್ಲಿ ಕೂತವನಿಗೆ ಕೂರುವ ಹಕ್ಕು. ಹಿಂದಿನವರ ಅಡುಗೆಮನೆಗೆ ಮೀನು ತುಂಬುತ್ತಿದ್ದ ದೊಡ್ಡದೋಣಿಯವನು ತೂಕದ ಚೀಟಿಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದ. ಬಂದವನು ಹೊಸ ಸರ್ಕಾರದ ಬಿಲ್ಲೆಯನ್ನು ಎದೆಗೆ ಚುಚ್ಚಿಕೊಂಡು ನ್ಯಾಯದ ಬಗ್ಗೆ ನಾಲ್ಕು ಮಾತನ್ನೂ ಆಡಿ ಹೋದ. ತಡೆಯಲ್ಪಟ್ಟವರ ಗತಿಯೇನು ಎಂದು ಅಧ್ಯಕ್ಷೆ ಕೇಳಿದಾಗ ಅವನ ಕೈ ಅಭ್ಯಾಸಬಲದಿಂದ, "ತಡೆದ ಲಿಖಿತ ಆಜ್ಞೆಯ ಪ್ರತಿ ಹಾಜರುಪಡಿಸಿದಲ್ಲಿ" ಎಂದು ಬರೆಯಿತು. ಬರೆದ ಮೇಲೆ ಅವನಿಗೇ ನಗು ಬಂತು. ಮೀನಿನ ಕಾಲುಗಳನ್ನು ಹಾಜರುಪಡಿಸಿದಲ್ಲಿ ಎಂದು ಬರೆದಿದ್ದರೂ ಅಷ್ಟೇ ಆಗುತ್ತಿತ್ತು. ಅಧ್ಯಕ್ಷೆ ಬಿಸಿನೀರು ಗುಟುಕರಿಸಿ, "ಅಥವಾ ತಡೆದ ಅಧಿಕಾರಿಯ ಹೇಳಿಕೆ" ಎಂದು ಸೇರಿಸಿದರು. ಅಂಥ ಅಧಿಕಾರಿ ಬರೆದಾನೆಯೇ ಎಂದು ಸದಸ್ಯರೊಬ್ಬರು ಅಂದರು. ಬರೆಯಲಿಕ್ಕೆ ಒಂದು ಬಾಗಿಲಾದರೂ ಇರಲಿ ಎಂದರು ಅಧ್ಯಕ್ಷೆ. ಅವನು ಆ ದಿನವೇ ಮನೆಗೆ ಬಂದು ತನ್ನ ಹೇಳಿಕೆಯನ್ನು ಬರೆದ. ಬರೆದು ಅಂಗಿಯ ಜೇಬಿಗಿಟ್ಟ. ಅದು ಹತ್ತು ತಿಂಗಳ ಹಿಂದಿನ ಮಾತು.

"ಕಾಗದ ಜೇಬಲ್ಲೇ ಇದೆ ತಾನೇ?" ಅವನು ಮೀನಿನ ಕೈ ತೊಳೆದು ಕಚೇರಿಗೆ ಹೊರಟಾಗ ಹೆಂಡತಿ ಕೇಳಿದಳು.

"ಇದೆ."

"ಇರಲಿ," ಅಂದಳು. ಅಲ್ಲೇ ಇರಲಿ ಎಂದಳೋ, ಇಷ್ಟು ದಿನ ಇದ್ದದ್ದು ಸಾಕು ಎಂದಳೋ, ಮುಖ ನೋಡಿದರೆ ತಿಳಿಯಲಿಲ್ಲ. ಅಂಗಿ ಒಗೆಯುವ ಮುಂಚೆ ಅದನ್ನು ತೆಗೆದಿಡುವವಳು ಅವಳೇ, ಇಸ್ತ್ರಿ ಮಾಡಿದ ಅಂಗಿಗೆ ಮತ್ತೆ ಹಾಕುವವಳೂ ಅವಳೇ. ಮನೆಯಲ್ಲಿ ಮೂರನೆಯ ಜೀವವೊಂದಿರುವಂತೆ ಅದನ್ನು ಸಾಕುತ್ತಿದ್ದಳು. ಇದು ಇಲಾಖೆಯ ಮನೆ, ಕೆಲಸ ಹೋದರೆ ಮನೆಯೂ ಹೋಗುತ್ತದೆ ಎಂಬುದನ್ನು ಅವಳು ಒಮ್ಮೆ ಹೇಳಿದ್ದಳು. ಎರಡನೆಯ ಸಲ ಹೇಳಿರಲಿಲ್ಲ. ಮಡಿಕೆಗಳಲ್ಲಿ ಕಾಗದ ಬಟ್ಟೆಯಷ್ಟು ಮೆತ್ತಗಾಗಿತ್ತು. ಅದರಲ್ಲಿದ್ದದ್ದು ಒಂದು ಪುಟ ಬಿಸಿಲು, ಒಂದು ಸಾಲು ದೋಣಿ. ಮಂಜುಗಡ್ಡೆ ಮನೆಯ ಗೋಡೆ ಎಷ್ಟೆತ್ತರವಿತ್ತು, ಅದನ್ನು ಯಾರು ಕೆಡವಿದರು, ಆ ದಿನಗಳಲ್ಲಿ ಬಿಸಿಲು ಯಾವ ದಿಕ್ಕಿನಿಂದ ಬರುತ್ತಿತ್ತು, ತನ್ನ ಕಣ್ಣಿಗೆ ಚಿಕ್ಕಂದಿನಿಂದ ಏನು ತೊಂದರೆ, ಎಲ್ಲವನ್ನೂ ವಿವರವಾಗಿ ಬರೆದಿದ್ದ. ಕಳಿಸದೆ ಇದ್ದದ್ದಕ್ಕೆ ಅವನಲ್ಲಿ ಒಂದು ಒಳ್ಳೆಯ ಕಾರಣವೂ ಇತ್ತು. ಬಿಸಿಲು ಎಂದರೆ ತಡೆದದ್ದಲ್ಲ, ಆಗ ಅಕ್ಕನ ಮನೆಗೆ ಪಾಲಿಲ್ಲ. ತಡೆದೆ ಎಂದರೆ ತಾನು ಮಾಡದ ತಪ್ಪನ್ನು ಒಪ್ಪಿಕೊಂಡಂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹತ್ತು ತಿಂಗಳಿಂದ ಕೋಲು ಹಿಡಿದುಕೊಂಡೇ ನಿಂತಿದ್ದ; ಹಾವು ಅದರ ಪಾಡಿಗೆ ಮಲಗಿತ್ತು. ಹೇಳಿಕೆಗಳನ್ನು ಕಳಿಸಲು ಇವತ್ತೇ ಕೊನೆಯ ದಿನ.

ವಿಚಾರಣೆ ನಡೆಯುತ್ತಿದ್ದದ್ದು ಕಚೇರಿಯ ಮೇಲಂತಸ್ತಿನ ಹಜಾರದಲ್ಲಿ. ಬಾಗಿಲ ಬಳಿಯ ಬೆಂಚಿನಲ್ಲಿ ಅಕ್ಕ, ಅವಳ ಮಗಳು, ಭಾವ ಮೂವರೂ ಕೂತಿದ್ದರು. ಸೋದರಸೊಸೆಯ ಉಗುರುಗಳಲ್ಲಿ ಕಪ್ಪು ಡಾಂಬರಿತ್ತು. ಕವುಚಿ ಬಿದ್ದಿದ್ದ ದೋಣಿಯನ್ನು ಅವಳು ಒಬ್ಬಳೇ ಮಗುಚಿ ನಿಲ್ಲಿಸಿದ್ದಾಳೆ, ಬಿರುಕಿಗೆ ನಾರು ತುಂಬಿ ಡಾಂಬರು ಬಳಿದಿದ್ದಾಳೆ, ಮೀನು ಪ್ಯಾಕು ಮಾಡುವ ಕಾರ್ಖಾನೆಯ ಕೆಲಸ ಬಿಟ್ಟು ತಾನೇ ಕಡಲಿಗೆ ಹೋಗುತ್ತಾಳಂತೆ ಎಂಬುದೆಲ್ಲ ಅವನ ಕಿವಿಗೆ ಬಿದ್ದಿತ್ತು. ಪಾಲು ಸಿಗದಿದ್ದರೆ ಹೋಗುವಂತಿಲ್ಲ. ಸಿಗದಿದ್ದರೆ ಆ ದೋಣಿಯನ್ನು ಕೊಳ್ಳಲು ದೊಡ್ಡದೋಣಿಯವನು ತಯಾರಾಗಿದ್ದ. ತನ್ನ ಹೊಸ ಹೋಟೆಲಿನ ಮುಂದೆ ಇಟ್ಟು, ಮಣ್ಣು ತುಂಬಿ ಹೂವಿನ ಗಿಡ ಬೆಳೆಸುತ್ತಾನಂತೆ. ಅವನು ಹಾದು ಹೋಗುವಾಗ ಅವಳು, "ಚೆನ್ನಾಗಿದೀರಾ ಮಾವ," ಅಂದಳು. ಹೂಂ ಅಂದ. "ಕನ್ನಡಕದ ಮೇಲೆ ಹುರುಪೆ ಇದೆ," ಅಂದಳು. ಬೆಳಗಿನಿಂದ ಲೋಕವೆಲ್ಲ ಒಂದು ಮೂಲೆಯಲ್ಲಿ ಮಂಜಾಗಿ ಕಾಣುತ್ತಿದ್ದದ್ದು ಯಾಕೆಂದು ಅವನಿಗೆ ಆಗ ತಿಳಿಯಿತು.

ಭಾವನ ಸರದಿ ಬಂತು. ಭಾವ ಈಗ ಹಳೆಯ ಭಾವನಲ್ಲ. ಬೆನ್ನಾದ ದಿನದಿಂದ ಅವನ ನಸೀಬು ತಿರುಗಿತ್ತು. ಅದುವರೆಗೆ ಯಾರೂ ಮಾತಾಡಿಸದಿದ್ದವನನ್ನು ಜನ ಕರೆದು ಕೂರಿಸಿ, ಸ್ವಂತ ಭಾವಮೈದುನನೇ ಬೆನ್ನು ಹಾಕಿದನಂತಲ್ಲಪ್ಪಾ, ನೀನು ಅಂಥದ್ದೇನು ಮಾಡಿದ್ದೆ ಎಂದು ಗುಟ್ಟಾಗಿ ಕೇಳುತ್ತಿದ್ದರು. ಏನೂ ಮಾಡಿರದ ಭಾವ ಏನನ್ನೂ ಹೇಳುತ್ತಿರಲಿಲ್ಲ. ಹೇಳದೆ ಇದ್ದದ್ದಕ್ಕೆ ಅವನು ದೊಡ್ಡ ಮನುಷ್ಯನಾದ. ಹಿಂದಿನವರು ಭಾವನಿಗೆ ಹೆದರಿದ್ದರು ಎಂದು ನಂಬುವವರೂ ಇದ್ದರು. ಅಂಥವರಲ್ಲಿ ಭಾವನೂ ಒಬ್ಬನಿರಬೇಕು. ನೆಟ್ಟಗೆ ನಡೆದು ಬಂದು ನಿಂತ. ಲಿಖಿತ ಆಜ್ಞೆ ಏನಾದರೂ ಇದೆಯೇ ಎಂದು ಅಧ್ಯಕ್ಷೆ ಕೇಳಿದರು. ಆ ಪ್ರಶ್ನೆ ಕೇಳುವಾಗೆಲ್ಲ ಅವರ ಮುಖ ಹಲ್ಲು ನೋವಿನವರಂತಾಗುತ್ತಿತ್ತು. ಇಲ್ಲ ಎಂದ ಭಾವ. ಹಾಗಾದರೆ ನಿಮ್ಮನ್ನು ತಡೆದದ್ದು ಯಾರು?

ಭಾವ ಮೂಲೆಯಲ್ಲಿದ್ದ ಅವನ ಕಡೆ ನೋಡಲಿಲ್ಲ. ಎದುರಿನ ಗೋಡೆ ನೋಡುತ್ತ, "ಕುರ್ಚಿ," ಅಂದ.

ವಕೀಲಿಕೆ ಓದಿದ್ದ ಕಿರಿಯ ಸದಸ್ಯನಿಗೆ ನಗು ತಡೆಯಲಾಗಲಿಲ್ಲ. "ಕುರ್ಚಿ ತಾನಾಗೇ ತಿರುಗುತ್ತೇನ್ರೀ?"

"ಆ ಕಾಲದಲ್ಲಿ ತಿರುಗ್ತಿತ್ತು ಸ್ವಾಮಿ," ಭಾವ ಹೇಳಿದ. "ಆ ಕಾಲದಲ್ಲಿ ಎಲ್ಲಾ ತಾನಾಗೇ ಆಗ್ತಿತ್ತು."

ಹಿಂದಿನ ಬೆಂಚುಗಳಲ್ಲಿ ಯಾರೋ ಕೆಮ್ಮಿದರು. ಕುಂಟಣ್ಣ ಅಲ್ಲಿದ್ದ, ಮೀನು ಮಾರುವವಳ ಗಂಡ ಅಲ್ಲಿದ್ದ. ಎಲ್ಲರೂ ತಮ್ಮ ತಮ್ಮ ಮೊಣಕಾಲನ್ನೇ ನೋಡುತ್ತಿದ್ದರು, ಮೊಣಕಾಲಿನ ಮೇಲೆ ಏನೋ ಬರೆದಿದೆಯೆಂಬಂತೆ. ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ, ಆದರೂ ಅವನ ಕೈ ಹೆಗಲಿನವರೆಗೂ ಹೋಗಿ ಕಾಲರು ಸರಿಮಾಡಿಕೊಂಡಿತು. ಆಮೇಲೆ ನಡಾವಳಿ ಪುಸ್ತಕಕ್ಕೆ ಬಾಗಿ, ಅರ್ಜಿದಾರರು ಕುರ್ಚಿಯೊಂದರಿಂದ ತಡೆಯಲ್ಪಟ್ಟರು, ದಾಖಲೆ ಇಲ್ಲ, ಎಂದು ದುಂಡಗಿನ ಅಕ್ಷರದಲ್ಲಿ ಬರೆದ. ಬರೆಯುತ್ತಿರುವಾಗಲೇ ಅವನಿಗೆ ಒಂದು ಯೋಚನೆ ಬಂತು: ಈಗ ಎದ್ದು ನಿಂತು ಬಿಸಿಲಿನ ಕಥೆ ಹೇಳಿದರೆ ಪಾಲು ಹೋಗುವುದಷ್ಟೇ ಅಲ್ಲ, ನೆಟ್ಟಗೆ ನಿಂತಿರುವ ಈ ಭಾವನೂ ಹೋಗುತ್ತಾನೆ, ತಾನು ಅವನಿಗೆ ಕೊಟ್ಟದ್ದು ಅದೊಂದೇ, ಅದನ್ನೂ ಕಸಿದುಕೊಂಡಂತಾಗುತ್ತದೆ. ಹೇಳದಿರಲು ಮತ್ತೊಂದು ಒಳ್ಳೆಯ ಕಾರಣ ಸಿಕ್ಕಿತಲ್ಲ ಎಂದು ಒಂದು ಗಳಿಗೆ ಹಗುರಾಗಿ, ಮರುಗಳಿಗೆಯಲ್ಲಿ ಆ ಹಗುರಕ್ಕೆ ನಾಚಿದ. ಅಧ್ಯಕ್ಷೆ, ಅಧಿಕಾರಿಗಳ ಹೇಳಿಕೆ ಯಾವುದಾದರೂ ಬಂದಿದೆಯೇ ಕಾರ್ಯದರ್ಶಿಗಳೇ ಎಂದು ಕೇಳಿದರು. ಇಲ್ಲಿಯವರೆಗೆ ಇಲ್ಲ ಮೇಡಂ ಎಂದ. ಜೇಬಿನಲ್ಲಿದ್ದ ಕಾಗದ ಉಸಿರಿನೊಂದಿಗೆ ಏರಿ ಇಳಿಯಿತು.

ಊಟದ ಬಿಡುವಿನಲ್ಲಿ ಮೆಟ್ಟಿಲಿಳಿಯುವಾಗ ನಡುವಿನ ತಿರುವಿನಲ್ಲಿ ಅಕ್ಕ ಕೂತಿದ್ದಳು. ಮೊಣಕಾಲು ನೋವು, ಒಂದೇ ಉಸಿರಿಗೆ ಇಳಿಯಲಾರಳು. ಮಗಳು ಮುಂದೆ ಹೋಗಿ ಕೆಳಗೆ ಕಾಯುತ್ತಿದ್ದಳು, ಭಾವ ಬೀದಿಯಲ್ಲಿ ಜನರ ನಡುವೆ ನಿಂತಿದ್ದ. ದಾಟಿ ಹೋಗುವಷ್ಟು ಜಾಗವಿರಲಿಲ್ಲ. ಅವನು ಒಂದು ಮೆಟ್ಟಿಲು ಮೇಲೆಯೇ ನಿಂತ. ನಿಂತರೆ ಅಕ್ಕನ ತಲೆಯ ಮೇಲೆ ನಿಂತಂತೆನಿಸಿ ಅವಳ ಪಕ್ಕದಲ್ಲೇ ಕೂತ. ಚಿಕ್ಕಂದಿನಲ್ಲಿ ಅವಳ ಕಂಕುಳಲ್ಲಿ ಕೂತು ದಕ್ಕೆ ನೋಡಲು ಹೋಗುತ್ತಿದ್ದವನು. ಆರು ವರ್ಷವೂ ಅವಳು ಮಾತು ಬಿಟ್ಟಿರಲಿಲ್ಲ. ಸಿಕ್ಕಿದಾಗ ಆರೋಗ್ಯ ಕೇಳುತ್ತಿದ್ದಳು, ನಾದಿನಿಯನ್ನೂ ಕೇಳಿದೆ ಅಂತ ಹೇಳು ಅನ್ನುತ್ತಿದ್ದಳು. ಬೈದಿದ್ದರೆ ಅವನು ಎಂದೋ ಬಿಸಿಲಿನ ಕಥೆ ಹೇಳಿ ಹಗುರಾಗುತ್ತಿದ್ದ. ಬೈಯದವಳ ಮುಂದೆ ಸಮಜಾಯಿಷಿಯನ್ನು ಎಲ್ಲಿ ಇಳಿಸುವುದು?

"ಅವತ್ತು ಬಿಸಿಲು ನಿನ್ನ ಕಣ್ಣಿಗೇ ಹೊಡೀತಾ ಇತ್ತು," ಅಕ್ಕ ಹೇಳಿದಳು, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ. "ನಾನು ಇವರಿಗೆ ಬುತ್ತಿ ತಂದಿದ್ದೆ. ನೋಡ್ದೆ. ಚಿಕ್ಕೋನಿದ್ದಾಗ್ಲೂ ನೀನು ಬಿಸಿಲಿಗೆ ಹಾಗೇ ಮುಖ ತಿರುಗಿಸ್ತಿದ್ದೆ."

ಅವನು ಹತ್ತು ತಿಂಗಳು ಜೇಬಿನಲ್ಲಿಟ್ಟುಕೊಂಡಿದ್ದದ್ದನ್ನು ಇವಳು ಆರು ವರ್ಷ ಬಾಯಲ್ಲಿಟ್ಟುಕೊಂಡಿದ್ದಳು. ಸಾಕ್ಷಿ ಇದೆ, ತಾನು ನಿರಪರಾಧಿ, ತನ್ನ ಅಕ್ಕನೇ ಸಾಕ್ಷಿ. ಅಳು ಬರುವಂಥ ಒಂದು ಸುಖ ಅವನ ಎದೆಯಲ್ಲಿ ಎದ್ದಿತು. "ಮತ್ತೆ ಭಾವನಿಗೆ ಯಾಕೆ ಹೇಳಲಿಲ್ಲ ಅಕ್ಕಾ?"

"ಹೇಳಿದೆನಪ್ಪಾ. ಅವತ್ತು ರಾತ್ರಿ ಊಟಕ್ಕೆ ಬಡಿಸ್ತಾ ಹೇಳ್ದೆ. ಅದು ಬಿಸಿಲಿಗೆ ಕಣ್ರೀ, ನಾಳೆ ನೋಡಿ, ನೆಟ್ಟಗೆ ಕೂರ್ತಾನೆ ಅಂತ." ಅಕ್ಕ ಕಂಬಿ ಹಿಡಿದು ನಿಧಾನವಾಗಿ ಎದ್ದಳು. "ಮಾರನೇ ದಿನ ಮೋಡ ಇತ್ತಲ್ಲ."

ಅಷ್ಟು ಹೇಳಿ ಒಂದೊಂದೇ ಮೆಟ್ಟಿಲು ಇಳಿದು ಹೋದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಕ್ಕಿಯಲ್ಲಿ ಕಲ್ಲಿತ್ತು ಎನ್ನುವ ದನಿಯಲ್ಲೇ ಹೇಳಿದ್ದಳು. ಅವನು ಅಲ್ಲೇ ಕೂತಿದ್ದ. ಮೋಡವಿತ್ತೆ? ಇತ್ತು. ಈಗ ನೆನಪಿನಲ್ಲಿ ಆ ಮೋಡ ತನ್ನ ಜಾಗದಲ್ಲಿಯೇ ಕೂತಿರುವುದು ಕಂಡಿತು; ಕಡಲಿನ ಬಣ್ಣ ಸೀಸದ ಹಾಗಿತ್ತು, ದಕ್ಕೆಯ ಕ್ಲೀನರು ಇವತ್ತು ಮಳೆ ಬಂದೀತು ಸಾರ್ ಎಂದಿದ್ದ, ತಾನು ಮುಂಜಾಗ್ರತೆಗೆ ತಂದ ಕೊಡೆಯನ್ನು ಕುರ್ಚಿಯ ಬೆನ್ನಿಗೇ ತೂಗುಹಾಕಿದ್ದ. ಕೊಡೆ ತೂಗುಹಾಕಲು ಕುರ್ಚಿಯ ಹಿಂದೆ ಹೋದವನಿಗೆ ಆ ಬೆನ್ನು ಯಾರ ಕಡೆಗಿದೆಯೆಂದು ಕಾಣಿಸಿತ್ತು. ಭಾವ ದೋಣಿಯ ಪಕ್ಕ ನಿಂತಿದ್ದ, ಬಲೆಯನ್ನು ಹೆಗಲ ಮೇಲೆ ಹಾಕಿಕೊಂಡು ಸಿದ್ಧನಾಗಿ ನಿಂತಿದ್ದ, ಇವನ ಕಡೆ ನೋಡಿ ಸ್ವಲ್ಪ ನಕ್ಕೂ ಇದ್ದ. ಕೊಡೆ ತೂಗುಹಾಕಿ, ಮುಂದೆ ಬಂದು, ಕೂತ. ಆಮೇಲೆ ವರ್ಷಗಟ್ಟಲೆ ಆ ಮೋಡಕ್ಕೆ ಒಂದೊಂದೇ ತೇಪೆ ಬಿಸಿಲು ಹಚ್ಚುತ್ತ ಬಂದು, ಕೊನೆಗೆ ಪೂರ್ತಿ ಬೆಳಗಿಸಿಬಿಟ್ಟಿದ್ದ. ಇದರಲ್ಲಿ ಒಂದು ತಮಾಷೆಯಿತ್ತು, ನಗಲು ಬಾಯಿದ್ದವರಿಗೆ. ಆ ಕಾಲದಲ್ಲಿ ಯಾರೂ ಹೇಳದೆ, ಯಾರ ಫೋನೂ ಇಲ್ಲದೆ, ಅವನು ತನ್ನ ಸ್ವಂತ ಬುದ್ಧಿಯಿಂದ ಮಾಡಿದ ಕೆಲಸ ಅದೊಂದೇ.

ಮಧ್ಯಾಹ್ನದ ವಿಚಾರಣೆಗೆ ಹೋಗದೆ ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತ. ಜೇಬಿನ ಕಾಗದ ತೆಗೆದು ಬಿಸಿಲಿನ ಸಾಲುಗಳನ್ನು ಹೊಡೆದುಹಾಕತೊಡಗಿದ. ಗೋಡೆ ಹೋಯಿತು, ದಿಕ್ಕು ಹೋಯಿತು, ಕಣ್ಣಿನ ತೊಂದರೆ ಹೋಯಿತು. ಪುಟ ಮುಗಿಯುವಷ್ಟರಲ್ಲಿ ಒಂದೇ ಸಾಲು ಉಳಿದಿತ್ತು, ಅದೂ ಕುಂಟುತ್ತಿತ್ತು. ಹೊಸ ಹಾಳೆ ತೆಗೆದುಕೊಂಡ. ಮೊದಲ ದಿನದ ಬಿಸಿಲನ್ನಾದರೂ ಉಳಿಸಿಕೊಳ್ಳಲೇ ಎಂದು ಪೆನ್ನು ನಿಂತಿತು, ಅದು ಸುಳ್ಳಲ್ಲವಲ್ಲ. ಸುಳ್ಳಲ್ಲ, ಆದರೆ ಅದರ ನೆರಳಲ್ಲಿ ಉಳಿದದ್ದೆಲ್ಲ ಬಂದು ಕೂರುತ್ತದೆ. ಬರೆಯಲಿಲ್ಲ. ಅಕ್ಕನ ದೋಣಿಯೊಂದನ್ನೇ ಬರೆದರೆ ಅದು ಸಂಬಂಧಿಕರಿಗೆ ಮಾಡಿಕೊಟ್ಟಂತಾಗುತ್ತದೆ ಎಂದು ಅವನೊಳಗಿನ ಕಾರ್ಯದರ್ಶಿ ಆಕ್ಷೇಪಿಸಿದ. ಮೊದಲ ಬಾರಿಗೆ ಆ ಕಾರ್ಯದರ್ಶಿ ಹೇಳಿದ್ದು ಸರಿಯೆನಿಸಿತು. ದಕ್ಕೆಯ ಬಾಗನ್ನು ಕಣ್ಣ ಮುಂದೆ ತಂದುಕೊಂಡು ಒಂದು ತುದಿಯಿಂದ ಬರೆಯುತ್ತ ಹೋದ: ಅವಳಿಗಳ ದೋಣಿ, ಹಸಿರು ಮೂತಿಯ ದೋಣಿ, ಮೀನು ಮಾರುವವಳ ಗಂಡನ ದೋಣಿ, ಈಗ ಕುಂಟಣ್ಣ ಎಂದು ಕರೆಯಲ್ಪಡುವವನ ದೋಣಿ. ಕೊನೆಗೆ ನನ್ನ ಅಕ್ಕನ ಮನೆಯ ದೋಣಿ. ಈ ದೋಣಿಗಳಿಗೆ ಬೆನ್ನು ಹಾಕಿ ಕೂತವನು ನಾನು ಎಂದು ಬರೆದ. ಕಾರಣ ಎಂದೊಂದು ಅಂಕಣ ಇರಬೇಕೆಂದು ನಮೂನೆ ಮಾಡುವಾಗ ಒತ್ತಾಯಿಸಿದವನು ಅವನೇ. ಬಹಳ ಹೊತ್ತು ಯೋಚಿಸಿ, ಎದ್ದು ಸರಿಪಡಿಸಬಹುದಿತ್ತು, ಏಳಲಿಲ್ಲ, ಎಂದು ತುಂಬಿದ. ಸಹಿ ಹಾಕುವಾಗ ಹುದ್ದೆಯ ಮುದ್ರೆಯತ್ತ ಕೈ ಹೋಯಿತು. ಅದನ್ನು ಅಲ್ಲೇ ಬಿಟ್ಟ.

ಇಲ್ಲೊಂದು ತೊಡಕು ಹುಟ್ಟಿತು. ಹೇಳಿಕೆಗಳನ್ನು ಅಂಚೆಯಲ್ಲೇ ಕಳಿಸಬೇಕು, ಕೈಯಲ್ಲಿ ಕೊಟ್ಟದ್ದನ್ನು ಸ್ವೀಕರಿಸಲಾಗದು ಎಂಬುದು ನಿಯಮ. ಕಚೇರಿಯ ಒಳಗಿನವರಿಗೆ ಒಂದು ಬಾಗಿಲು, ಹೊರಗಿನವರಿಗೆ ಇನ್ನೊಂದು ಬಾಗಿಲು ಆಗಬಾರದೆಂದು ಅವನೇ ಬರೆದದ್ದು. ಬಂದ ಲಕೋಟೆಗಳನ್ನು ಅಧ್ಯಕ್ಷೆಯೇ ಎಲ್ಲರ ಮುಂದೆ ಒಡೆಯಬೇಕೆಂಬುದೂ ಅವನದೇ ಸಾಲು. ಹೀಗಾಗಿ ಸಮಿತಿಯ ಟಪಾಲು ಮೇಜಿನಿಂದ ಕೈಯಳತೆಯ ದೂರದಲ್ಲಿ ಕೂತಿದ್ದವನು ಲಕೋಟೆ ಹಿಡಿದು ಮೆಟ್ಟಿಲಿಳಿದು, ಬೀದಿ ದಾಟಿ, ಅಂಚೆ ಕಚೇರಿಯ ಸಾಲಿನ ಕೊನೆಯಲ್ಲಿ ನಿಂತ. ಸಾಲು ಉದ್ದವಿತ್ತು. ಮುಂದಿದ್ದವಳ ಜಡೆ, ಅವಳ ಮುಂದಿನವನ ಬೋಳು ತಲೆ, ಅದರಾಚೆ ಯಾರದೋ ಬೆವೆತ ಅಂಗಿ. ಎಲ್ಲರೂ ಒಬ್ಬರಿಗೊಬ್ಬರು ಬೆನ್ನು ಹಾಕಿಯೇ ನಿಂತಿದ್ದರು, ಅದರಿಂದ ಯಾರ ದೋಣಿಯೂ ನಿಂತಿರಲಿಲ್ಲ. ಅವನಿಗೆ ಅದು ಬಹಳ ಆಶ್ಚರ್ಯದ ವಿಷಯವಾಗಿ ಕಂಡಿತು. ಕಿಟಕಿಯಿಂದ ಇಳಿಬಿಸಿಲು ನೇರ ಅವನ ಮುಖದ ಮೇಲೆ ಬಿತ್ತು. ಅವನ ಕತ್ತು ತಾನಾಗಿಯೇ ಹೊರಳಲು ಹೋಗಿ, ನಡುವೆ ನಿಂತು, ವಾಪಸು ಬಂತು. ಕಣ್ಣಲ್ಲಿ ನೀರು ಬರತೊಡಗಿತು, ಬಿಸಿಲಿಗೇ ಇರಬೇಕು.

ಕೌಂಟರಿನ ಹುಡುಗಿ ಲಕೋಟೆಯನ್ನು ಹಿಂದೆ ಮುಂದೆ ಮಾಡಿ ನೋಡಿದಳು. ಇವರಿಂದ ಎಂಬಲ್ಲಿಯೂ ಅವನ ಹೆಸರು, ಇವರಿಗೆ ಎಂಬಲ್ಲಿ ಕಾರ್ಯದರ್ಶಿ ಎಂಬುದರ ಮುಂದೆಯೂ ಅಚ್ಚಾಗಿದ್ದ ಅದೇ ಹೆಸರು.

"ಎರಡೂ ನೀವೇನಾ ಸಾರ್?"

"ಹೌದಮ್ಮಾ."

"ಎದುರಿನ ಕಟ್ಟಡಾನೇ ಅಲ್ವಾ? ಹೋಗ್ತಾ ಕೈಯಲ್ಲೇ ತಗೊಂಡು ಹೋಗಬಹುದಿತ್ತು."

"ಹಾಗೇ ಮಾಡ್ತಿದ್ದೆ, ಇಷ್ಟು ದಿನ," ಅವನು ಹೇಳಿದ.

ಅವಳಿಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳುವಷ್ಟು ಪುರುಸೊತ್ತೂ ಇರಲಿಲ್ಲ. ಚೀಟಿ ಅಂಟಿಸಿ, ಇವತ್ತಿನ ತಾರೀಖಿನ ಮುದ್ರೆಯನ್ನು ಧಡ್ಡೆಂದು ಒತ್ತಿ, ಹಿಂದಕ್ಕೆ ನೋಡದೆಯೇ ಲಕೋಟೆಯನ್ನು ಹೆಗಲ ಮೇಲಿಂದ ಎಸೆದಳು. ಅದು ಗೋಣಿಚೀಲಕ್ಕೆ ಬಿದ್ದ ಸದ್ದು ಇಷ್ಟೇ ಇಷ್ಟಿತ್ತು. ಅವನ ಕೈ ಇನ್ನೂ ಕಿಟಕಿಯ ಕಂಬಿಯ ಒಳಗೇ ಚಾಚಿಕೊಂಡಿತ್ತು. ಚಿಲ್ಲರೆ ಕೊಟ್ಟೆನಲ್ಲ ಸಾರ್ ಎಂದಳು ಹುಡುಗಿ. ನೋಡಿದರೆ ಹೌದು, ಅಂಗೈಯಲ್ಲಿ ಚಿಲ್ಲರೆಯಿತ್ತು. ಹಿಂದಿನಿಂದ ಯಾರೋ, ಸ್ವಲ್ಪ ಸರಿದುಕೊಳ್ಳಿ ಯಜಮಾನ್ರೇ, ನಮಗೂ ಹೊತ್ತಾಯ್ತು, ಎಂದರು. ಅವನು ಏಡಿಯ ಹಾಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ.